ಮಾರ್ಕ್ ಇದೆ ಸರಿ, ಡೈರೆಕ್ಟರಿಯಲ್ಲಿ ಯಾವ ಕೆಲಸಕ್ಕೆ ಅಂತ ಬರೆದಿದೆ?

ಆನ್‌ಲೈನ್‌ನಲ್ಲಿ ಒಂದು ಚಾರ್ಜರೋ ಎಕ್ಸ್‌ಟೆನ್ಷನ್ ಬೋರ್ಡೋ ಹುಡುಕಿದರೆ ಸಾಕು, ಪ್ರತಿ ಫೋಟೋದ ಪಕ್ಕದಲ್ಲೂ ಸಾಲುಸಾಲು ಮಾರ್ಕ್‌ಗಳು. ಯುಎಲ್, ಸಿಇ, ಇಟಿಎಲ್, ಟಿಯುವಿ, ಐಎಸ್‌ಐ. ಎಲ್ಲವೂ 'ಸರ್ಟಿಫೈಡ್'. ಅದನ್ನು ನೋಡಿ ಸಮಾಧಾನವಾಗಿ ಕೊಂಡುಬಿಡುತ್ತೇವೆ. ಆದರೆ ಮಾರ್ಕ್ ಅನ್ನುವುದು ಒಂದು ಚಿತ್ರ ಅಷ್ಟೇ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅದರ ಹಿಂದೆ ನಿಜವಾಗಿ ಪರೀಕ್ಷೆ ನಡೆದಿದೆಯಾ, ನಡೆದಿದ್ದರೆ ಯಾವ ಮಾಡೆಲ್‌ಗೆ, ಯಾವ ಬಳಕೆಗೆ, ಆ ಸರ್ಟಿಫಿಕೇಟ್ ಇವತ್ತಿಗೂ ಚಾಲ್ತಿಯಲ್ಲಿದೆಯಾ ಎಂಬುದೆಲ್ಲ ಪೆಟ್ಟಿಗೆ ಮೇಲೆ ಇರುವುದಿಲ್ಲ. ಮಾರ್ಕ್ ಕೊಟ್ಟ ಸಂಸ್ಥೆಯ ಡೈರೆಕ್ಟರಿಯಲ್ಲಿ, ಅಂದರೆ ಅದು ಪ್ರಕಟಿಸುವ ಪಟ್ಟಿಯಲ್ಲಿ ಇರುತ್ತದೆ.

ಈ ಡೈರೆಕ್ಟರಿಗಳು ಇಂಜಿನಿಯರುಗಳಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಹೆಚ್ಚಿನವು ಎಲ್ಲರಿಗೂ ತೆರೆದಿವೆ, ದುಡ್ಡು ಕೊಡಬೇಕಿಲ್ಲ, ಫೋನಿನಲ್ಲೇ ನೋಡಬಹುದು. ಹುಡುಕುವುದು ಸುಲಭ, ಸಿಕ್ಕಿದ್ದನ್ನು ಓದುವುದೇ ಕಷ್ಟ. ಅಲ್ಲಿರುವ ಸಂಕೇತ, ಕೆಟಗರಿ, ಷರತ್ತುಗಳು ಮೊದಲ ಸಲ ನೋಡಿದವರಿಗೆ ತಲೆಬುಡ ತಿಳಿಯುವುದಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಪಟ್ಟಿ ಹುಟ್ಟಿದ್ದು ಹೇಗೆ

1893ರಲ್ಲಿ ಅಮೆರಿಕದ ಶಿಕಾಗೊದಲ್ಲಿ ದೊಡ್ಡ ವಿಶ್ವ ಮೇಳ ನಡೆಯಿತು. ವಿದ್ಯುತ್ ದೀಪ ಆಗ ಇನ್ನೂ ಹೊಸದು. ಮೇಳದ ತುಂಬ ದೀಪಗಳು, ಎಲ್ಲೆಲ್ಲೂ ವೈರುಗಳು. ಬೆಂಕಿ ವಿಮೆ ಕೊಡುವ ಕಂಪನಿಗಳಿಗೆ ಇದು ತಲೆನೋವಾಯಿತು. ಅಲ್ಲಿನ ವೈರಿಂಗ್ ಪರೀಕ್ಷಿಸಲು ಹೋದವರು ವಿಲಿಯಂ ಹೆನ್ರಿ ಮೆರಿಲ್ ಎಂಬ ಯುವ ಇಂಜಿನಿಯರ್. ಮಾರನೇ ವರ್ಷ, 1894ರಲ್ಲಿ, ವಿಮಾ ಕಂಪನಿಗಳ ಬೆಂಬಲದಿಂದ ಅವರು ಒಂದು ಸಣ್ಣ ಪರೀಕ್ಷಾಲಯ ಶುರು ಮಾಡಿದರು. ಅದೇ ಮುಂದೆ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್, ಅಂದರೆ ಯುಎಲ್ ಆಯಿತು.

ವಿಮೆಯವರಿಗೆ ಬೇಕಾಗಿದ್ದು ಇಷ್ಟೇ: ಪರೀಕ್ಷೆಯಲ್ಲಿ ಪಾಸಾದ ವಸ್ತುಗಳು ಯಾವುವು ಅನ್ನುವ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಹೆಸರಿದ್ದರೆ ಅದು 'ಲಿಸ್ಟೆಡ್'. ಇವತ್ತಿಗೂ ಅಮೆರಿಕದ ವೈರಿಂಗ್ ನಿಯಮಾವಳಿ ಈ ಪದವನ್ನು ಇದೇ ಅರ್ಥದಲ್ಲಿ ಬಳಸುತ್ತದೆ. ಒಪ್ಪಿಗೆ ಪಡೆದ ಸಂಸ್ಥೆಯೊಂದು ಪ್ರಕಟಿಸುವ ಪಟ್ಟಿಯಲ್ಲಿ ಆ ವಸ್ತು ಇರಬೇಕು. ಅಂದರೆ ಮುಖ್ಯವಾದದ್ದು ಪಟ್ಟಿ. ಮಾರ್ಕ್ ಇರುವುದು ಆ ಪಟ್ಟಿಯ ಕಡೆಗೆ ಬೆರಳು ತೋರಿಸಲಿಕ್ಕೆ.

ಈಗ ಇಂಥ ಸಂಸ್ಥೆಗಳು ಹಲವಾರಿವೆ. ಕೆನಡಾದಲ್ಲಿ 1919ರಲ್ಲಿ ಶುರುವಾದ ಸಿಎಸ್ಎ, ಇಟಿಎಲ್ ಮಾರ್ಕ್ ಕೊಡುವ ಇಂಟರ್‌ಟೆಕ್, ಜರ್ಮನಿಯ ಟಿಯುವಿ ಸಂಸ್ಥೆಗಳು ಮತ್ತು ವಿಡಿಇ, ಐಎಸ್‌ಐ ಮಾರ್ಕ್ ಕೊಡುವ ಭಾರತದ ಬಿಐಎಸ್. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಇಲಾಖೆ, ಓಎಸ್‌ಎಚ್‌ಎ, 1988ರಲ್ಲಿ ಒಂದು ವ್ಯವಸ್ಥೆ ತಂದಿತು. ತಾನು ಮಾನ್ಯ ಮಾಡಿದ ಯಾವ ಲ್ಯಾಬ್ ಪರೀಕ್ಷಿಸಿದರೂ, ಆ ಲ್ಯಾಬ್‌ಗೆ ಮಾನ್ಯತೆ ಇರುವ ಸ್ಟಾಂಡರ್ಡ್‌ಗಳ ಮಟ್ಟಿಗೆ ಅದು ನಡೆಯುತ್ತದೆ. ಹಾಗಾಗಿ ಯುಎಲ್ ಇದ್ದರೆ ಒಳ್ಳೆಯದು, ಇಟಿಎಲ್ ಇದ್ದರೆ ಸ್ವಲ್ಪ ಕಡಿಮೆ ಅನ್ನುವ ಮಾತಿಗೆ ಆಧಾರವಿಲ್ಲ. ಇಬ್ಬರೂ ಪರೀಕ್ಷಿಸುವುದು ಒಂದೇ ಸ್ಟಾಂಡರ್ಡ್ ಪ್ರಕಾರ.

ಸ್ಟಾಂಡರ್ಡ್, ಪರೀಕ್ಷೆ, ತಪಾಸಣೆ

ಸ್ಟಾಂಡರ್ಡ್ ಅಂದರೆ ಒಂದು ಬಗೆಯ ಉಪಕರಣ ಏನೇನು ಪರೀಕ್ಷೆ ದಾಟಬೇಕು ಅನ್ನುವ ಬರಹ. ಪ್ರತಿ ಬಗೆಗೂ ಬೇರೆ ಬೇರೆ. ಮನೆಬಳಕೆಯ ಉಪಕರಣಗಳಿಗೆ ಐಇಸಿ 60335, ಕಂಪ್ಯೂಟರ್, ಟಿವಿ, ಚಾರ್ಜರ್‌ನಂಥವಕ್ಕೆ ಐಇಸಿ 62368-1, ವೈದ್ಯಕೀಯ ಉಪಕರಣಗಳಿಗೆ ಐಇಸಿ 60601-1. ಹೀಗೆ ನೂರಾರಿವೆ. ಐಇಸಿ ಅಂದರೆ ಇಂಥ ಸ್ಟಾಂಡರ್ಡ್‌ಗಳನ್ನು ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ. ಸಂಖ್ಯೆಗಳನ್ನು ನೆನಪಿಡಬೇಕಿಲ್ಲ. ಡೈರೆಕ್ಟರಿಯಲ್ಲಿ ಸಂಖ್ಯೆ ಕಂಡಾಗ ಅದು ಯಾವ ಬಗೆಯ ವಸ್ತುವಿನದು ಅಂತ ಒಮ್ಮೆ ನೋಡಿದರೆ ಸಾಕು.

ಲ್ಯಾಬ್‌ನಲ್ಲಿ ಸ್ಯಾಂಪಲ್ ಅನ್ನು ಸುಮ್ನೆ ಆನ್ ಮಾಡಿ ನೋಡುವುದಲ್ಲ, ಅದನ್ನು ಬೇಕಂತಲೇ ಹಿಂಸಿಸುತ್ತಾರೆ. ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ತಡೆಯುತ್ತದಾ ನೋಡುತ್ತಾರೆ, ಫ್ಯಾನ್ ತಿರುಗದಂತೆ ಹಿಡಿದಿಟ್ಟು ಮೋಟಾರ್ ಎಷ್ಟು ಬಿಸಿಯಾಗುತ್ತದೆ ಅಂತ ಅಳೆಯುತ್ತಾರೆ, ಗಾಳಿ ಕಿಂಡಿ ಮುಚ್ಚುತ್ತಾರೆ, ವೈರನ್ನು ಎಳೆದು ತಿರುಚುತ್ತಾರೆ, ಕೆಂಪಗೆ ಕಾದ ತಂತಿಯನ್ನು ಪ್ಲಾಸ್ಟಿಕ್‌ಗೆ ಒತ್ತಿ ಬೆಂಕಿ ಹರಡುತ್ತದಾ ಅಂತ ನೋಡುತ್ತಾರೆ. ಒಳಗಿನ ಒಂದು ಭಾಗ ಕೆಟ್ಟರೂ ಹೊರಗೆ ಕೈ ತಾಗುವ ಕಡೆ ಶಾಕ್ ಹೊಡೆಯಬಾರದು, ಬೆಂಕಿ ಹೊರಬರಬಾರದು. ಒಟ್ಟು ಲೆಕ್ಕಾಚಾರ ಇದು.

ಯುಎಲ್, ಸಿಎಸ್ಎ, ಇಟಿಎಲ್, ಐಎಸ್‌ಐ ಥರದ ಮಾರ್ಕ್‌ಗಳಲ್ಲಿ ಇದಕ್ಕಿಂತ ಒಂದು ಹೆಜ್ಜೆ ಜಾಸ್ತಿ ಇದೆ. ಸರ್ಟಿಫಿಕೇಟ್ ಕೊಟ್ಟ ಮೇಲೂ ಸಂಸ್ಥೆಯವರು ಕಾರ್ಖಾನೆಗೆ ಹೋಗಿ, ಪರೀಕ್ಷೆಗೆ ಕೊಟ್ಟ ವಸ್ತುವನ್ನೇ ತಯಾರಿಸುತ್ತಿದ್ದಾರಾ ಎಂದು ನೋಡುತ್ತಾರೆ. ತಪ್ಪು ಕಂಡರೆ ಸರ್ಟಿಫಿಕೇಟ್ ಅಮಾನತಾಗಬಹುದು, ರದ್ದೂ ಆಗಬಹುದು. ಡೈರೆಕ್ಟರಿ ಯಾಕೆ ಬೇಕು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಗೋದಾಮಿನಲ್ಲಿರುವ ಪೆಟ್ಟಿಗೆಯ ಮೇಲಿನ ಮಾರ್ಕ್ ತಾನಾಗಿ ಅಳಿಸಿಹೋಗುವುದಿಲ್ಲ, ಪಟ್ಟಿಯಲ್ಲಿರುವ ಹೆಸರು ಅಳಿಸಿಹೋಗುತ್ತದೆ.

ಸಿಇ ಮಾರ್ಕ್‌ನ ಕತೆ ಬೇರೆ

ಅತಿ ಹೆಚ್ಚು ಕಾಣುವ ಮಾರ್ಕ್ ಇದು. ಅತಿ ಹೆಚ್ಚು ತಪ್ಪು ತಿಳಿಯುವುದೂ ಇದನ್ನೇ. ಯುರೋಪಿನ ಲೋ ವೋಲ್ಟೇಜ್ ನಿಯಮ, ಅಂದರೆ 50ರಿಂದ 1000 ವೋಲ್ಟ್ ಎಸಿ ಮತ್ತು 75ರಿಂದ 1500 ವೋಲ್ಟ್ ಡಿಸಿ ಉಪಕರಣಗಳ ನಿಯಮದ ಪ್ರಕಾರ, ಸಿಇ ಹಾಕುವುದು ತಯಾರಕರೇ. 'ನಮ್ಮ ವಸ್ತು ಯುರೋಪಿನ ನಿಯಮಕ್ಕೆ ಹೊಂದುತ್ತದೆ' ಎಂದು ಅವರೇ ಘೋಷಿಸಿ, ದಾಖಲೆ ಸಿದ್ಧವಾಗಿಟ್ಟುಕೊಳ್ಳಬೇಕು. ಹೊರಗಿನ ಲ್ಯಾಬ್ ಪರೀಕ್ಷಿಸಲೇಬೇಕು ಎಂದೇನೂ ಇಲ್ಲ. ಹಾಗಾಗಿ ಸಾಮಾನ್ಯ ಚಾರ್ಜರ್, ಹೀಟರ್, ಮಿಕ್ಸರ್‌ಗಳಿಗೆ ಸಿಇ ಡೈರೆಕ್ಟರಿ ಅನ್ನುವುದೇ ಇಲ್ಲ. ಸಿಇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸುಳ್ಳು ಘೋಷಣೆ ಮಾಡಿದವರ ಮೇಲೆ ಅಲ್ಲಿ ಕಾನೂನು ಕ್ರಮ ಆಗುತ್ತದೆ. ಆದರೆ ಕೊಳ್ಳುವವರು ಕೂತಲ್ಲಿಂದ ಪರಿಶೀಲಿಸಲು ಅದರಲ್ಲಿ ದಾರಿ ಇಲ್ಲ. ಅದೇ ಯುರೋಪಿನ ವಸ್ತುವಿನ ಮೇಲೆ ಸಿಇ ಜೊತೆಗೆ ವಿಡಿಇ ಅಥವಾ ಟಿಯುವಿ ಮಾರ್ಕ್ ಇದ್ದರೆ, ಅದನ್ನು ಹುಡುಕಿ ನೋಡಬಹುದು.

ಇನ್ನೊಂದು ಗೊಂದಲ ಸಿಬಿ ಸರ್ಟಿಫಿಕೇಟ್. ಒಂದು ದೇಶದಲ್ಲಿ ಮಾಡಿದ ಪರೀಕ್ಷೆಯನ್ನು ಇನ್ನೊಂದು ದೇಶದ ಸಂಸ್ಥೆ ಒಪ್ಪಿಕೊಳ್ಳಲಿ, ಮತ್ತೆ ಮೊದಲಿಂದ ಮಾಡುವುದು ಬೇಡ ಅಂತ ಐಇಸಿಇಇ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ಇದನ್ನು ನಡೆಸುತ್ತದೆ. ಈ ಸರ್ಟಿಫಿಕೇಟ್‌ಗಳನ್ನೂ ಅವರ ಜಾಲತಾಣದಲ್ಲಿ ಹುಡುಕಬಹುದು. ಆದರೆ ಅದು ಸಂಸ್ಥೆ ಸಂಸ್ಥೆಗಳ ನಡುವಿನ ಕಾಗದ. ಕಾರ್ಖಾನೆ ತಪಾಸಣೆಯ ಖಾತ್ರಿ ಅದರಲ್ಲಿಲ್ಲ, ಅದೊಂದೇ ಇದ್ದರೆ ವಸ್ತುವಿನ ಮೇಲೆ ಮಾರ್ಕ್ ಹಾಕಲೂ ಬರುವುದಿಲ್ಲ.

ಹುಡುಕುವ ಕ್ರಮ

ಮೊದಲು ಉಪಕರಣದ ರೇಟಿಂಗ್ ಪ್ಲೇಟ್ ಹುಡುಕಿ. ಸಾಮಾನ್ಯವಾಗಿ ಹಿಂದೆ ಅಥವಾ ತಳದಲ್ಲಿ, ಚಾರ್ಜರ್ ಆದರೆ ಪಿನ್‌ಗಳ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪೆಟ್ಟಿಗೆ ಮೇಲಿನ ಮಾಹಿತಿಗಿಂತ ಇದನ್ನೇ ನಂಬಿ. ಅದರಿಂದ ನಾಲ್ಕು ವಿಷಯ ಬರೆದುಕೊಳ್ಳಿ: ತಯಾರಕರ ಹೆಸರು, ಮಾಡೆಲ್ ನಂಬರ್, ಯಾವ ಸಂಸ್ಥೆಯ ಮಾರ್ಕ್, ಮಾರ್ಕ್ ಹತ್ತಿರ ಇರುವ ಫೈಲ್ ಅಥವಾ ಲೈಸೆನ್ಸ್ ನಂಬರ್. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಸಲೀಸು. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಈ ಪ್ಲೇಟಿನ ಫೋಟೋ ಕಳಿಸಿ ಅಂತ ಮಾರುವವರನ್ನೇ ಕೇಳಬಹುದು. ಕೇಳುವುದರಲ್ಲಿ ಸಂಕೋಚ ಬೇಡ.

ಆಮೇಲೆ ಆ ಸಂಸ್ಥೆಯ ಜಾಲತಾಣಕ್ಕೆ ನೀವೇ ಹೋಗಿ. ಮಾರುವವರು ಕೊಟ್ಟ ಲಿಂಕ್ ಒತ್ತಬೇಡಿ, ಕ್ಯುಆರ್ ಕೋಡ್ ಕೂಡ ಬೇಡ. ಅವು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು.

ಯುಎಲ್‌ನ ಡೈರೆಕ್ಟರಿ ಹೆಸರು ಪ್ರಾಡಕ್ಟ್ ಐಕ್ಯೂ. ಉಚಿತ ಖಾತೆ ತೆರೆದು ಹುಡುಕಬಹುದು. ವಿದ್ಯುತ್ ಉಪಕರಣಗಳ ಫೈಲ್ ನಂಬರ್ ಸಾಮಾನ್ಯವಾಗಿ ಇಂಗ್ಲಿಷಿನ 'ಇ' ಅಕ್ಷರದಿಂದ ಶುರುವಾಗಿ, ಅದರ ಮುಂದೆ ಅಂಕೆಗಳಿರುತ್ತವೆ. ಇಂಟರ್‌ಟೆಕ್ ಮತ್ತು ಸಿಎಸ್ಎ ತಮ್ಮ ತಾಣಗಳಲ್ಲೇ ಪಟ್ಟಿ ಇಟ್ಟಿವೆ. ಟಿಯುವಿ ರೈನ್‌ಲ್ಯಾಂಡ್‌ನ ಡೈರೆಕ್ಟರಿ ಸರ್ಟಿಪೀಡಿಯ. ಮಾರ್ಕ್ ಕೆಳಗಿನ ಐಡಿ ಸಂಖ್ಯೆ ಹಾಕಿದರೆ ವಿವರ ಬರುತ್ತದೆ. ಭಾರತದ ಐಎಸ್‌ಐ ಮಾರ್ಕ್‌ನಲ್ಲಿ ಮೇಲೆ ಐಎಸ್ ಸಂಖ್ಯೆ, ಅಂದರೆ ಯಾವ ಸ್ಟಾಂಡರ್ಡ್ ಎಂಬುದು, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಚಾರ್ಜರ್, ಪವರ್ ಬ್ಯಾಂಕ್‌ನಂಥ ಎಲೆಕ್ಟ್ರಾನಿಕ್ ವಸ್ತುಗಳಿಗೆ ಅದರ ಬದಲು 'ಆರ್' ನಂಬರ್. ಎರಡನ್ನೂ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಹುಡುಕುವಾಗ ಬ್ರ್ಯಾಂಡ್ ಹೆಸರಿಗಿಂತ ನಂಬರ್ ಹಾಕುವುದು ಒಳ್ಳೆಯದು. ಯಾಕೆಂದರೆ ಎಷ್ಟೋ ಬ್ರ್ಯಾಂಡ್‌ಗಳು ತಾವೇ ತಯಾರಿಸುವುದಿಲ್ಲ, ಬೇರೆ ಕಾರ್ಖಾನೆಯಲ್ಲಿ ಮಾಡಿಸಿ ತಮ್ಮ ಹೆಸರು ಹಚ್ಚುತ್ತವೆ. ಪಟ್ಟಿಯಲ್ಲಿ ಕಾರ್ಖಾನೆಯ ಹೆಸರು ಬಂದರೆ ಅದರಿಂದಲೇ ಮೋಸ ಎಂದುಕೊಳ್ಳಬೇಡಿ. ಆದರೆ ಚಾರ್ಜರ್ ಮೇಲಿನ ನಂಬರ್ ಹಾಕಿದಾಗ ಕೇಬಲ್ ತಯಾರಿಸುವ ಕಂಪನಿಯೊಂದು ಬಂದರೆ ಎಚ್ಚರ. ಕೇಬಲ್‌ಗೆ ಮಾತ್ರ ಸಿಕ್ಕ ಮಾರ್ಕನ್ನು ಇಡೀ ವಸ್ತುವಿಗೆ ಸಿಕ್ಕಂತೆ ತೋರಿಸುವುದು ಸಾಮಾನ್ಯವಾದ ಚಾಲಾಕಿತನ.

ಮಾಡೆಲ್ ನಂಬರನ್ನು ಅಕ್ಷರ ಅಕ್ಷರ ಹೋಲಿಸಿ. ಕೊನೆಯ ಒಂದಕ್ಷರ ಬೇರೆ ಇದ್ದರೂ ಒಳಗಿನ ವಸ್ತು ಬೇರೆ ಇರಬಹುದು. ಕೆಲವು ಪಟ್ಟಿಗಳಲ್ಲಿ ಮಾಡೆಲ್‌ನ ಕೊನೆಗೆ ನಕ್ಷತ್ರ ಚಿಹ್ನೆಯೋ 'ಎಕ್ಸ್' ಅಕ್ಷರವೋ ಇರುತ್ತದೆ. ಆ ಜಾಗದಲ್ಲಿ ಬಣ್ಣ, ಪ್ಲಗ್ ಆಕಾರದಂಥ ಸಣ್ಣ ವ್ಯತ್ಯಾಸದ ಅಕ್ಷರಗಳು ಬರಬಹುದು ಅಂತ ಅದರ ಅರ್ಥ. ಯಾವ ಅಕ್ಷರ ಬರಬಹುದು ಅನ್ನುವುದನ್ನು ಅಲ್ಲೇ ಕೆಳಗೆ ಬರೆದಿರುತ್ತಾರೆ. ಕೊನೆಯದಾಗಿ ಸ್ಥಿತಿ ನೋಡಿ: ಚಾಲ್ತಿಯಲ್ಲಿದೆಯಾ, ಅವಧಿ ಮುಗಿದಿದೆಯಾ, ರದ್ದಾಗಿದೆಯಾ.

ಪಟ್ಟಿಯಲ್ಲಿ ಸಿಕ್ಕಿತು, ಈಗ ಓದುವುದು

ಬಹಳ ಜನ ಹೆಸರು ಸಿಕ್ಕ ತಕ್ಷಣ ನಿಲ್ಲಿಸಿಬಿಡುತ್ತಾರೆ. ನನ್ನ ಪ್ರಕಾರ ಅಸಲು ಕೆಲಸ ಅಲ್ಲಿಂದಲೇ ಶುರು. ಡ್ರೈವಿಂಗ್ ಲೈಸೆನ್ಸ್ ನೋಡುವವರು ಅಸಲಿಯಾ ನಕಲಿಯಾ ಅಂತ ಮಾತ್ರ ನೋಡುವುದಿಲ್ಲ, ಯಾವ ವಾಹನಕ್ಕೆ ಕೊಟ್ಟಿದ್ದಾರೆ ಅಂತಲೂ ನೋಡುತ್ತಾರೆ ಅಲ್ವಾ? ಸ್ಕೂಟರ್ ಲೈಸೆನ್ಸ್ ಎಷ್ಟೇ ಅಸಲಿಯಾಗಿದ್ದರೂ ಲಾರಿ ಓಡಿಸಲು ಬರುವುದಿಲ್ಲ. ಸರ್ಟಿಫಿಕೇಟ್ ಕೂಡ ಹಾಗೆಯೇ ಒಂದು ಬಳಕೆಗೆ ಕಟ್ಟಿದ್ದು.

ಆ ಬಳಕೆ ತಿಳಿಯುವುದು ಕೆಟಗರಿಯಿಂದ. ಯುಎಲ್‌ನಲ್ಲಿ ಪ್ರತಿ ಬಗೆಯ ವಸ್ತುವಿಗೂ ನಾಲ್ಕು ಅಕ್ಷರದ ಒಂದು ಕೋಡ್, ಪ್ರತಿ ಕೋಡ್‌ಗೂ 'ಗೈಡ್ ಇನ್ಫರ್ಮೇಷನ್' ಎಂಬ ಒಂದು ಪುಟ. ಈ ಪುಟ ಇಡೀ ಡೈರೆಕ್ಟರಿಯಲ್ಲೇ ಹೆಚ್ಚು ಉಪಯೋಗಕ್ಕೆ ಬರುವ ಭಾಗ, ಕಡಿಮೆ ಜನ ಓದುವ ಭಾಗ ಕೂಡ. ಉದಾಹರಣೆಗೆ ಹಲವು ಸಾಕೆಟ್ ಇರುವ ಪವರ್ ಸ್ಟ್ರಿಪ್. ಅದರ ಕೋಡ್ ಎಕ್ಸ್‌ಬಿವೈಎಸ್. ಅಲ್ಲಿನ ಮಾತು ಸ್ಪಷ್ಟವಾಗಿದೆ: ಇದನ್ನು ಗೋಡೆಯ ಕಾಯಂ ಸಾಕೆಟ್‌ಗೇ ನೇರವಾಗಿ ಹಾಕಬೇಕು, ಒಂದು ಪವರ್ ಸ್ಟ್ರಿಪ್‌ಗೆ ಇನ್ನೊಂದನ್ನು ಜೋಡಿಸಬಾರದು, ಎಕ್ಸ್‌ಟೆನ್ಷನ್ ಕಾರ್ಡ್‌ಗೂ ಜೋಡಿಸಬಾರದು, ಕಟ್ಟಡ ಕಟ್ಟುವ ಜಾಗದಲ್ಲಿ ಬಳಸಲು ಇದು ಅಲ್ಲ. ಅಂದರೆ ಎರಡು ಅಸಲಿ, ಚಾಲ್ತಿಯಲ್ಲಿರುವ, ಒಳ್ಳೆಯ ಕಂಪನಿಯ ಸ್ಟ್ರಿಪ್‌ಗಳನ್ನು ಒಂದಕ್ಕೊಂದು ಜೋಡಿಸಿದ ಕ್ಷಣ ಎರಡೂ ತಮ್ಮ ಸರ್ಟಿಫಿಕೇಟ್‌ನ ಹೊರಗೆ ಹೋದಂತೆ.

ಯಾಕೆ ಹೀಗೆ? ಸಾಕೆಟ್ ಜಾಸ್ತಿಯಾದಷ್ಟೂ ಲೋಡ್ ಹೇರುವುದು ಸುಲಭ. ಎಲ್ಲ ಲೋಡ್ ಹೋಗುವುದು ಮೊದಲ ಸ್ಟ್ರಿಪ್‌ನ ವೈರ್ ಮೂಲಕ. ಕರೆಂಟ್ ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಜೊತೆಗೆ ವೈರ್ ಉದ್ದವಾದಷ್ಟೂ, ಜಾಯಿಂಟ್ ಜಾಸ್ತಿಯಾದಷ್ಟೂ ಶಾರ್ಟ್ ಆದಾಗ ಹರಿಯುವ ಕರೆಂಟ್ ಕಡಿಮೆಯಾಗಿ, ಎಂಸಿಬಿ ಬೀಳುವುದು ತಡವಾಗುತ್ತದೆ. ಆ ತಡದಲ್ಲೇ ಬೆಂಕಿ ಹೊತ್ತಿಕೊಳ್ಳುವ ಅಪಾಯ ಇರುವುದು.

ರೇಟಿಂಗ್ ಕೂಡ ಇಲ್ಲೇ ನೋಡಬೇಕು. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್‌ಗೆ ಸರ್ಟಿಫೈ ಆದ ಬೋರ್ಡ್‌ಗೆ ಅದನ್ನು ಹಾಕಿದರೆ ಮಾರ್ಕ್ ಏನೂ ಕಾಪಾಡುವುದಿಲ್ಲ. ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿ, ಬಂದ ಆಂಪಿಯರ್ ಪಟ್ಟಿಯ ಸಂಖ್ಯೆಗಿಂತ ಕಡಿಮೆ ಇದೆಯಾ ನೋಡಿ. ದೇಶದಿಂದ ದೇಶಕ್ಕೆ ಈ ಸಂಖ್ಯೆಯೂ ಬದಲಾಗುತ್ತದೆ ಅನ್ನುವುದು ಇನ್ನೊಂದು ಸೂಕ್ಷ್ಮ. ಕಂಪ್ಯೂಟರ್‌ನ ಹಿಂಭಾಗಕ್ಕೆ ಹಾಕುವ ಮೂರು ಪಿನ್ನಿನ ಕೇಬಲ್ ಇದೆಯಲ್ಲ, ಸಿ13 ಅನ್ನುತ್ತಾರೆ, ಅದಕ್ಕೆ ಅಂತರರಾಷ್ಟ್ರೀಯ ಸ್ಟಾಂಡರ್ಡ್‌ನಲ್ಲಿ 10 ಆಂಪಿಯರ್ ಮಿತಿ, ಉತ್ತರ ಅಮೆರಿಕದಲ್ಲಿ 15. ಆಕಾರ ಒಂದೇ, ಮಿತಿ ಬೇರೆ.

ಯಾವ ದೇಶಕ್ಕೆ ಅನ್ನುವುದನ್ನು ಮಾರ್ಕೇ ಹೇಳುತ್ತದೆ. ಯುಎಲ್ ಅಥವಾ ಇಟಿಎಲ್ ಮಾರ್ಕ್‌ನ ಎಡಕ್ಕೆ ಸಣ್ಣ 'ಸಿ' ಇದ್ದರೆ ಕೆನಡಾದ ಸ್ಟಾಂಡರ್ಡ್ ಪ್ರಕಾರ, ಬಲಕ್ಕೆ 'ಯುಎಸ್' ಇದ್ದರೆ ಅಮೆರಿಕದ್ದು, ಎರಡೂ ಇದ್ದರೆ ಎರಡಕ್ಕೂ. 120 ವೋಲ್ಟ್‌ಗೆ ಮಾತ್ರ ಸರ್ಟಿಫೈ ಆದ ಹೀಟರ್ 230 ವೋಲ್ಟ್ ಇರುವ ಕಡೆ ಅಪಾಯವೇ, ಪಟ್ಟಿಯಲ್ಲಿ ಎಷ್ಟೇ ಚೆನ್ನಾಗಿ ಹೆಸರಿದ್ದರೂ.

ಲಿಸ್ಟೆಡ್ ಬೇರೆ, ರೆಕಗ್ನೈಸ್ಡ್ ಬೇರೆ

ಯುಎಲ್‌ನಲ್ಲಿ ಎರಡು ಬಗೆಯ ಮಾರ್ಕ್‌ಗಳನ್ನು ಕಲಸಿಬಿಡುವುದು ಸಾಮಾನ್ಯ. ಲಿಸ್ಟೆಡ್ ಅಂದರೆ ವಸ್ತು ಪೂರ್ಣವಾಗಿ ತಯಾರಾಗಿದೆ, ಹೇಳಿದ ರೀತಿಯಲ್ಲಿ ನೇರವಾಗಿ ಬಳಸಬಹುದು. ರೆಕಗ್ನೈಸ್ಡ್ ಅಂದರೆ ಅದು ಒಂದು ಬಿಡಿಭಾಗ. ಬೇರೆ ಉಪಕರಣದ ಒಳಗೆ ಕೂರಿಸಲಿಕ್ಕೆ ಮಾತ್ರ. ಈ ಮಾರ್ಕ್‌ನಲ್ಲಿ ಇಂಗ್ಲಿಷಿನ 'ಆರ್' ಕನ್ನಡಿಯಲ್ಲಿ ಕಂಡಂತೆ ತಿರುಗಿ 'ಯು' ಜೊತೆ ಅಂಟಿಕೊಂಡಿರುತ್ತದೆ. ಡೈರೆಕ್ಟರಿಯಲ್ಲಿ ನಾಲ್ಕಕ್ಷರದ ಕೋಡ್ ಆದ ಮೇಲೆ 2 ಅಥವಾ 8 ಬಂದರೆ ಅದು ಬಿಡಿಭಾಗದ ಪಟ್ಟಿ. 2 ಅಮೆರಿಕಕ್ಕೆ, 8 ಕೆನಡಾಕ್ಕೆ. ಏನೂ ಸಂಖ್ಯೆ ಇಲ್ಲದಿದ್ದರೆ ಅಮೆರಿಕದ ಲಿಸ್ಟೆಡ್, 7 ಇದ್ದರೆ ಕೆನಡಾದ ಲಿಸ್ಟೆಡ್.

ಬಿಡಿಭಾಗಕ್ಕೆ ಯಾಕೆ ಬೇರೆ ಪಟ್ಟಿ? ತೆರೆದ ಪವರ್ ಸಪ್ಲೈ ಬೋರ್ಡ್ ಒಂದನ್ನು ತಗೊಳ್ಳಿ. ಎಲ್‌ಇಡಿ ಬೋರ್ಡ್‌ಗೋ ಸಣ್ಣ ಯಂತ್ರಕ್ಕೋ ಹಾಕಲು ಇದನ್ನು ಬಹಳ ಜನ ಕೊಳ್ಳುತ್ತಾರೆ. ಅದರ ಟರ್ಮಿನಲ್‌ಗಳು ಬರಿದಾಗಿ ಕಾಣುತ್ತಿರುತ್ತವೆ, ಕೈ ತಾಗಿದರೆ ಶಾಕ್. ಪರೀಕ್ಷೆ ಮಾಡಿದವರು ಅದನ್ನು ಪಾಸ್ ಮಾಡುವಾಗ ಕೆಲವು ಷರತ್ತು ಬರೆದಿರುತ್ತಾರೆ: ಸರಿಯಾದ ಕವಚದ ಒಳಗೆ ಇರಬೇಕು, ಸುತ್ತಲಿನ ಬಿಸಿ ಇಷ್ಟು ಡಿಗ್ರಿ ದಾಟಬಾರದು, ಮೊದಲು ಇಂಥ ಫ್ಯೂಸ್ ಬೇಕು. ಇವನ್ನು 'ಕಂಡಿಷನ್ಸ್ ಆಫ್ ಅಕ್ಸೆಪ್ಟಬಿಲಿಟಿ' ಅನ್ನುತ್ತಾರೆ. ಆ ಷರತ್ತುಗಳನ್ನು ಪೂರೈಸುವ ಹೊಣೆ ಅದನ್ನು ಕೂರಿಸುವವರದ್ದು. ಬೋರ್ಡ್ ಸರ್ಟಿಫೈಡ್ ಆಗಿದೆ ಅಂತ ಅದನ್ನು ಮೇಜಿನ ಮೇಲೆ ಹಾಗೇ ಇಟ್ಟು ಓಡಿಸಿದರೆ ಸರ್ಟಿಫಿಕೇಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಒಳಗಿನ ಎಲ್ಲ ಭಾಗಗಳೂ ರೆಕಗ್ನೈಸ್ಡ್ ಆಗಿದ್ದರೂ ಇಡೀ ಯಂತ್ರ ಲಿಸ್ಟೆಡ್ ಆಗುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಬ್ಯಾಟರಿ ವಾಹನಗಳಲ್ಲಿ ಇದು ಎದ್ದು ಕಾಣುತ್ತದೆ. 2015ರ ಕೊನೆಯಲ್ಲಿ ಹೋವರ್‌ಬೋರ್ಡ್‌ಗಳಿಗೆ ಬೆಂಕಿ ಬಿದ್ದ ಸುದ್ದಿಗಳು ಬಂದ ಮೇಲೆ, ಅವುಗಳ ಇಡೀ ವಿದ್ಯುತ್ ವ್ಯವಸ್ಥೆಗೇ ಯುಎಲ್ 2272 ಎಂಬ ಸ್ಟಾಂಡರ್ಡ್ ಬಂತು. ಇ-ಬೈಕ್‌ಗಳಲ್ಲಿ ಬ್ಯಾಟರಿಗೆ ಯುಎಲ್ 2271, ಬ್ಯಾಟರಿ, ಮೋಟಾರ್, ಚಾರ್ಜರ್ ಸೇರಿದ ಪೂರ್ತಿ ವ್ಯವಸ್ಥೆಗೆ ಯುಎಲ್ 2849. ನ್ಯೂಯಾರ್ಕ್ ನಗರ 2023ರಲ್ಲಿ ತಂದ ಕಾನೂನು ಅಲ್ಲಿ ಮಾರುವ ಇ-ಬೈಕ್‌ಗೆ ಎರಡನೆಯದನ್ನೇ ಕೇಳುತ್ತದೆ, ಬಿಡಿ ಬ್ಯಾಟರಿಗೆ ಮೊದಲನೆಯದು. ಬ್ಯಾಟರಿ ಚೆನ್ನಾಗಿದ್ದರೂ ಹೊಂದದ ಚಾರ್ಜರ್ ಹಾಕಿದರೆ ಓವರ್‌ಚಾರ್ಜ್ ಆಗಿ ಬಿಸಿಯಾಗಬಹುದು. ಹಾಗಾಗಿ ಜೋಡಿಯಾಗಿ ಪರೀಕ್ಷಿಸುವುದು ಮುಖ್ಯ. ಜಾಹೀರಾತಿನಲ್ಲಿ 'ಯುಎಲ್ ಸರ್ಟಿಫೈಡ್ ಬ್ಯಾಟರಿ' ಅಂತ ಇದ್ದರೆ ಬೈಕ್ ಬಗ್ಗೆ ಅದು ಏನೂ ಹೇಳಿಲ್ಲ ಎಂದೇ ಓದಿಕೊಳ್ಳಿ.

ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ

ಒಣ ಜಾಗ, ತೇವದ ಜಾಗ, ನೀರು ಬೀಳುವ ಜಾಗ. ದೀಪ, ಸ್ವಿಚ್, ಸಾಕೆಟ್‌ಗಳ ಪಟ್ಟಿಯಲ್ಲಿ ಈ ವಿಂಗಡಣೆ ಇರುತ್ತದೆ. ಇದರ ಜೊತೆಗೆ ಐಪಿ ರೇಟಿಂಗ್. ಮೊದಲ ಅಂಕೆ ಧೂಳಿಗೆ, 0ರಿಂದ 6ರವರೆಗೆ. ಎರಡನೆಯದು ನೀರಿಗೆ, 0ರಿಂದ 9ರವರೆಗೆ. ಐಪಿ67 ಅಂದರೆ ಧೂಳು ಒಳಗೆ ಹೋಗದು, 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ತಡೆಯುತ್ತದೆ. ಆದರೆ ದೊಡ್ಡ ಅಂಕೆಯಲ್ಲಿ ಚಿಕ್ಕದು ಯಾವಾಗಲೂ ಸೇರಿರುವುದಿಲ್ಲ. ನೀರಿನಲ್ಲಿ ಮುಳುಗಿಸಿ ನೋಡಿದ ಐಪಿ67 ವಸ್ತುವಿಗೆ ಪೈಪಿನಿಂದ ಜೋರಾಗಿ ನೀರು ಹೊಡೆಯುವ ಪರೀಕ್ಷೆ ಆಗಿರಲೇಬೇಕು ಎಂದಿಲ್ಲ. ಎರಡೂ ಆಗಿದ್ದರೆ ಐಪಿ65/ಐಪಿ67 ಎಂದು ಎರಡನ್ನೂ ಬರೆದಿರುತ್ತಾರೆ. ತೊಳೆಯುವ ಜಾಗಕ್ಕೆ ಕೊಳ್ಳುವವರು ಇದನ್ನು ನೋಡಲೇಬೇಕು.

ಉರಿಯುವ ಆವಿ ಅಥವಾ ಧೂಳು ಇರುವ ಜಾಗ, ಅಂದರೆ ಪೇಂಟ್ ಸಿಂಪಡಿಸುವ ಕೋಣೆ, ಪೆಟ್ರೋಲ್ ತುಂಬುವ ಜಾಗ, ಹಿಟ್ಟಿನ ಧೂಳು ಹಾರುವ ಗಿರಣಿ, ಇಲ್ಲಿನ ಲೆಕ್ಕ ಪೂರ್ತಿ ಬೇರೆ. ಇಲ್ಲಿ ಐಪಿ67 ದೀಪ ತಂದು ಹಾಕಿ 'ಸೀಲ್ ಆಗಿದೆಯಲ್ಲ' ಅನ್ನುವವರಿದ್ದಾರೆ. ಅದು ನೀರು ಧೂಳು ತಡೆಯುವ ಸೀಲ್. ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ, ಹೊರಮೈ ಬಿಸಿ ಮಿತಿಯೊಳಗೆ ಇರುವಂತೆ ಪರೀಕ್ಷಿಸಿದ್ದಕ್ಕೆ 'ಇಎಕ್ಸ್' ಗುರುತು ಬೇಕು. ಐಇಸಿಇಎಕ್ಸ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯ ಸರ್ಟಿಫಿಕೇಟ್‌ಗಳೆಲ್ಲ ಆನ್‌ಲೈನ್‌ನಲ್ಲೇ ಸಿಗುತ್ತವೆ. ಅದರಲ್ಲಿ ಟಿ1ರಿಂದ ಟಿ6ರವರೆಗೆ ಬಿಸಿಯ ವರ್ಗ ಇರುತ್ತದೆ: ಟಿ1 ಆದರೆ ಹೊರಮೈ 450 ಡಿಗ್ರಿವರೆಗೆ ಹೋಗಬಹುದು, ಟಿ3 ಆದರೆ 200, ಟಿ4 ಆದರೆ 135, ಟಿ6 ಆದರೆ 85. ಈಥರ್ ಆವಿ 200 ಡಿಗ್ರಿಗಿಂತ ಕಡಿಮೆ ಬಿಸಿಗೇ ತಾನಾಗಿ ಹೊತ್ತಿಕೊಳ್ಳುತ್ತದೆ, ಅಲ್ಲಿ ಟಿ3 ಸಾಲದು, ಟಿ4 ಬೇಕು.

ಈ ಸರ್ಟಿಫಿಕೇಟ್ ನಂಬರಿನ ಕೊನೆಯ ಅಕ್ಷರ ನೋಡಿ. 'ಎಕ್ಸ್' ಇದ್ದರೆ ಬಳಕೆಗೆ ವಿಶೇಷ ಷರತ್ತುಗಳಿವೆ, ಸರ್ಟಿಫಿಕೇಟ್ ಒಳಗೆ ಹೋಗಿ ಅವನ್ನು ಓದಲೇಬೇಕು. 'ಯು' ಇದ್ದರೆ ಅದು ಬಿಡಿಭಾಗ, ಒಂಟಿಯಾಗಿ ಹಾಕುವಂತಿಲ್ಲ. ಒಂದೇ ಅಕ್ಷರ, ಆದರೆ ಕಣ್ತಪ್ಪಿದರೆ ದೊಡ್ಡ ಅಪಾಯ. ಇಂಥ ಜಾಗಕ್ಕೆ ವಸ್ತು ಆರಿಸುವ ಕೆಲಸ ಬಲ್ಲವರಿಗೇ ಬಿಡಿ. ಡೈರೆಕ್ಟರಿ ಓದಲು ಬಂದರೆ ಅವರು ತಂದದ್ದು ಸರಿಯಾ ಅಂತ ಕೇಳಲಾದರೂ ಆಗುತ್ತದೆ.

ಡೈರೆಕ್ಟರಿ ಹೇಳದೇ ಇರುವುದು

ಬಾಳಿಕೆ ಎಷ್ಟು, ಕೆಲಸ ಚೆನ್ನಾಗಿ ಮಾಡುತ್ತದಾ, ಕರೆಂಟ್ ಬಿಲ್ ಎಷ್ಟು ಬರುತ್ತದೆ, ಇದ್ಯಾವುದೂ ಸುರಕ್ಷತಾ ಪಟ್ಟಿಯಲ್ಲಿರುವುದಿಲ್ಲ. ವೈರಿಂಗ್ ಮಾಡಿದವರು ಸರಿಯಾಗಿ ಅರ್ಥಿಂಗ್ ಕೊಟ್ಟಿದ್ದಾರಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ನೀವು ಪ್ಲಗ್ ಕತ್ತರಿಸಿ ಬೇರೆ ಹಾಕಿದರೆ ಪರೀಕ್ಷೆಗೆ ಹೋದ ವಸ್ತುವೇ ಅದಲ್ಲ.

ನಕಲಿ ಮಾಲಿನ ವಿಷಯದಲ್ಲೂ ಡೈರೆಕ್ಟರಿಗೆ ಮಿತಿ ಇದೆ. ಬೇರೆಯವರ ಅಸಲಿ ನಂಬರನ್ನೇ ಕದ್ದು ಅಚ್ಚು ಹಾಕಿದರೆ ಹುಡುಕಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಗ ಬೇರೆ ಸುಳಿವು ನೋಡಬೇಕು: ಲೇಬಲ್‌ನಲ್ಲಿ ಕಾಗುಣಿತ ತಪ್ಪು, ಪೆಟ್ಟಿಗೆ ಮೇಲಿನ ಮಾಡೆಲ್ ನಂಬರೇ ಬೇರೆ ವಸ್ತುವಿನ ಮೇಲಿನದೇ ಬೇರೆ, ತೀರಾ ಹಗುರವಾದ ಚಾರ್ಜರ್, ತಯಾರಕರ ಹೆಸರೇ ಇಲ್ಲ. ನಕಲಿ ಮಾರ್ಕ್ ಸಿಕ್ಕ ವಸ್ತುಗಳ ಬಗ್ಗೆ ಯುಎಲ್ ಸಾರ್ವಜನಿಕ ಎಚ್ಚರಿಕೆ ಪ್ರಕಟಿಸುತ್ತದೆ.

ಸರ್ಟಿಫೈ ಆದ ವಸ್ತುವಿನಲ್ಲೂ ಆಮೇಲೆ ದೋಷ ಕಂಡು ವಾಪಸ್ ಕರೆಸಬಹುದು. ಅದು ಬೇರೆ ಪಟ್ಟಿ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ, ಯುರೋಪಿನ ಸೇಫ್ಟಿ ಗೇಟ್, ಹಲವು ದೇಶಗಳ ಮಾಹಿತಿ ಒಟ್ಟಿಗೆ ಕೊಡುವ ಓಇಸಿಡಿಯ ಗ್ಲೋಬಲ್ ರೀಕಾಲ್ಸ್, ಇವುಗಳಲ್ಲಿ ಮಾಡೆಲ್ ನಂಬರ್ ಹಾಕಿ ನೋಡಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಬಿಡಬಾರದು.

ಹೆಸರು ಸಿಗದಿದ್ದರೆ

ಸಿಗಲಿಲ್ಲ ಅಂದ ಕೂಡಲೇ ನಕಲಿ ಅಂತ ತೀರ್ಮಾನಿಸಬೇಡಿ. ಹಳೆಯ ಮಾಡೆಲ್ ಆದರೆ ತಯಾರಿಕೆ ನಿಂತ ಮೇಲೆ ಪಟ್ಟಿಯಿಂದ ತೆಗೆದಿರಬಹುದು, ಆಗ ಅದು ತಯಾರಾದ ಕಾಲದಲ್ಲಿ ಸರ್ಟಿಫೈಡ್ ಆಗಿಯೇ ಇತ್ತು. ಸ್ಟಾಂಡರ್ಡ್ ಬದಲಾಗಿರಬಹುದು: ಕಂಪ್ಯೂಟರ್‌ಗಳ ಹಳೆಯ 60950-1 ಮತ್ತು ಟಿವಿ, ಆಡಿಯೋದ 60065 ಎರಡರ ಜಾಗಕ್ಕೂ 2020ರ ಡಿಸೆಂಬರ್‌ನಲ್ಲಿ ಯುರೋಪು ಮತ್ತು ಉತ್ತರ ಅಮೆರಿಕದಲ್ಲಿ 62368-1 ಬಂತು. ಹೊಸ ಮಾಲಿಗೆ ಈಗಲೂ ಹಳೆಯ ಸಂಖ್ಯೆಯ ಸರ್ಟಿಫಿಕೇಟ್ ತೋರಿಸಿದರೆ ಯಾಕೆ ಅಂತ ಕೇಳಿ. ಒಂದೇ ಒಂದು ಮಾಡಿಸಿದ ದೊಡ್ಡ ಯಂತ್ರವಾದರೆ ಪಟ್ಟಿಯಲ್ಲಿ ಇರುವುದೇ ಇಲ್ಲ, ಅಂಥದ್ದಕ್ಕೆ ಪರೀಕ್ಷಾ ಸಂಸ್ಥೆಯವರು ಜಾಗಕ್ಕೇ ಬಂದು ನೋಡಿ ಲೇಬಲ್ ಹಚ್ಚುವ ವ್ಯವಸ್ಥೆ ಇದೆ.

ಮಾರುವವರು ಸರ್ಟಿಫಿಕೇಟ್‌ನ ಪಿಡಿಎಫ್ ಕಳಿಸಿದರೆ ಅದನ್ನೇ ಕೊನೆ ಅಂದುಕೊಳ್ಳಬೇಡಿ. ಪಿಡಿಎಫ್ ತಿದ್ದುವುದು ಬಹಳ ಸುಲಭ. ಅದರಲ್ಲಿರುವ ನಂಬರ್ ತೆಗೆದುಕೊಂಡು ಮತ್ತೆ ಡೈರೆಕ್ಟರಿಗೇ ಹೋಗಿ. ಅಲ್ಲೂ ಸಿಗದಿದ್ದರೆ ಮಾರ್ಕ್ ಕೊಟ್ಟ ಸಂಸ್ಥೆಗೇ ಬರೆಯಿರಿ. ತಮ್ಮ ಮಾರ್ಕ್ ದುರುಪಯೋಗವಾಗುವುದು ಅವರಿಗೂ ಬೇಕಿಲ್ಲ, ಅದಕ್ಕಾಗಿ ಯುಎಲ್ ಥರದ ಸಂಸ್ಥೆಗಳಲ್ಲಿ ದೂರು ಕೊಡುವ ಪುಟವೇ ಇದೆ, ಬಿಐಎಸ್ ಕೇರ್ ಆ್ಯಪ್‌ನಲ್ಲೂ ದೂರು ಕೊಡಬಹುದು. ರೇಟಿಂಗ್ ಪ್ಲೇಟಿನ ಸ್ಪಷ್ಟ ಫೋಟೋ, ಪೆಟ್ಟಿಗೆಯ ಫೋಟೋ, ಎಲ್ಲಿ ಕೊಂಡಿರಿ, ಯಾವಾಗ ಕೊಂಡಿರಿ, ಮಾರುವವರು ಕಳಿಸಿದ ಪಿಡಿಎಫ್, ಇಷ್ಟು ಜೊತೆಗಿಡಿ. ಉತ್ತರ ಬರುವವರೆಗೆ ಆ ಉಪಕರಣದ ಪ್ಲಗ್ ತೆಗೆದಿಡಿ, ಆದರೆ ಬಿಸಾಡಬೇಡಿ. ಪರೀಕ್ಷೆಗೆ ವಸ್ತುವನ್ನೇ ಕಳಿಸಿ ಅಂತ ಅವರು ಕೇಳಬಹುದು.